ಕೋವಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ

ಮದ್ರಸದಲ್ಲಿ ಕಲಿಸುವವನಿಗೆ ದಿನವೂ ಪ್ರಶ್ನೆಗಳು ಎದುರಾಗುತ್ತವೆ. ಕೆಲವಕ್ಕೆ ಒಡನೆ ಉತ್ತರ ದೊರೆಯುತ್ತದೆ. ಕೆಲವಕ್ಕೆ ಗ್ರಂಥ ತೆರೆಯಬೇಕಾಗುತ್ತದೆ. ಇನ್ನು ಕೆಲವು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದೂ ನಾವು ಹೇಳುವುದಿಲ್ಲ. ಕೇಳಿದವನ ಮುಖ ಬಾಡೀತು, ಗೆಳೆತನಕ್ಕೆ ಇರುಸುಮುರುಸಾದೀತು, ಒಳ್ಳೆಯ ಸಂಜೆಯೊಂದು ಕೆಟ್ಟೀತು ಎಂಬ ಅಂಜಿಕೆಯಿಂದ ‘ನಾಳೆ ನೋಡೋಣ’ ಎಂದು ಜಾರಿಕೊಳ್ಳುತ್ತೇವೆ. ಹಾಗೆ ಜಾರಿಕೊಂಡ ಒಂದು ಉತ್ತರದ ಬೆಲೆಯನ್ನು ನಾನು ಕಣ್ಣಾರೆ ಕಂಡೆ. ಅದನ್ನು ಬರೆದಿಡುವುದು ನನ್ನ ಮೇಲಿನ ಋಣವೆಂದು ಭಾವಿಸಿದ್ದೇನೆ.

ಕಳೆದ ವಸಂತದಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ನೆಲೆಸಿರುವ ತಂಗಿಯ ಮನೆಯಲ್ಲಿ ಕೆಲವು ವಾರ ಇರುವ ಅವಕಾಶ ನನಗೆ ಒದಗಿತ್ತು. ಅಲ್ಲಿಂದ ಎರಡು ತಾಸಿನ ದಾರಿಯಲ್ಲಿ ನನ್ನ ಬಾಲ್ಯದ ಗೆಳೆಯನಿದ್ದಾನೆ. ಪುತ್ತೂರಿನ ಕಡೆಯ ಒಂದೇ ಮದ್ರಸದಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಓದಿದವರು ನಾವು. ನಾನು ದೀನೀ ಶಿಕ್ಷಣದಲ್ಲೇ ಉಳಿದೆ, ಅವನು ಇಂಜಿನಿಯರಾಗಿ ಕಡಲು ದಾಟಿದ. ಈಗಲೂ ನನ್ನನ್ನು ಅರ್ಧ ಗೌರವದಿಂದ, ಅರ್ಧ ತಮಾಷೆಯಿಂದ ‘ಉಸ್ತಾದ್’ ಎಂದೇ ಕರೆಯುತ್ತಾನೆ. ‘ಉಸ್ತಾದ್, ಸೋಮವಾರ ಟರ್ಕಿ ಬೇಟೆಯ ಋತು ಶುರುವಾಗ್ತದೆ. ನೀನು ಕೋವಿ ಮುಟ್ಟುವುದು ಬೇಡ, ಸುಮ್ಮನೆ ಜೊತೆಗೆ ಬಾ ಮಾರಾಯ’ ಎಂದು ಕರೆದಾಗ ಇಲ್ಲವೆನ್ನಲಾಗಲಿಲ್ಲ.

ಟರ್ಕಿ ಕೋಳಿಯ ಹೆಸರೇ ಒಂದು ಸ್ವಾರಸ್ಯ. ಇಂಗ್ಲಿಷರು ಅದಕ್ಕೆ ತುರ್ಕಿ ದೇಶದ ಹೆಸರಿಟ್ಟರು. ತುರ್ಕಿಯರು ಅದನ್ನು ‘ಹಿಂದಿ’, ಅಂದರೆ ಹಿಂದೂಸ್ತಾನದ್ದು ಎನ್ನುತ್ತಾರೆ. ಅರಬಿಯಲ್ಲಿ ಅದು ‘ದೀಕ್ ರೂಮೀ’, ರೋಮಿನ ಹುಂಜ. ಎಲ್ಲರೂ ಅದನ್ನು ಬೇರೊಬ್ಬರ ಊರಿನದೆಂದು ತಿಳಿದರು. ನಿಜವಾಗಿ ಅದು ಅಮೆರಿಕ ಖಂಡದ ಕಾಡಿನ ಹಕ್ಕಿ. ಕಾಳು, ಓಕ್ ಮರದ ಕಾಯಿ, ಹುಳುಹುಪ್ಪಟೆ ತಿಂದು ಬದುಕುತ್ತದೆ. ರಾತ್ರಿ ಮರದ ಕೊಂಬೆಯ ಮೇಲೆ ಮಲಗುತ್ತದೆ. ಉಗುರಿನಿಂದ ಬೇಟೆಯಾಡುವ ಪಕ್ಷಿಯಲ್ಲವಾದ್ದರಿಂದ ಅದರ ಮಾಂಸ ಸ್ವತಃ ಹಲಾಲ್. ಪ್ರಶ್ನೆ ಇರುವುದು ಅದು ಸಾಯುವ ಬಗೆಯಲ್ಲಿ.

ಆ ಹಕ್ಕಿಯ ಕಥೆಯಲ್ಲಿ ನಮಗೊಂದು ಪಾಠವೂ ಇದೆ. ಯುರೋಪಿಯನ್ನರು ಕಾಲಿಡುವ ಮೊದಲು ಅಲ್ಲಿನ ಕಾಡುಗಳಲ್ಲಿ ಲಕ್ಷಗಟ್ಟಲೆ ಟರ್ಕಿಗಳಿದ್ದವು. ಕಾಡು ಕಡಿದು, ಹೊತ್ತುಗೊತ್ತಿಲ್ಲದೆ ಕೊಂದು, ಸಂತೆಗೆ ಸಾಗಿಸಿದ ಪರಿಣಾಮವಾಗಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅನೇಕ ರಾಜ್ಯಗಳಲ್ಲಿ ಅವು ಹೆಸರಿಗೂ ಉಳಿಯಲಿಲ್ಲ. ಮಿಸೌರಿಯಲ್ಲಿ ಕೆಲವು ಸಾವಿರ ಮಾತ್ರ ಓಝಾರ್ಕ್ ಗುಡ್ಡಗಳ ಮರೆಯಲ್ಲಿ ಬದುಕಿದ್ದವು. ಆಗ ಬೇಟೆಯನ್ನೇ ನಿಲ್ಲಿಸಲಾಯಿತು. ಸಾಕಣೆಯಲ್ಲಿ ಬೆಳೆಸಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟರೆ ಅವು ಬದುಕಲಿಲ್ಲ. ಕೊನೆಗೆ ಕಾಡು ಹಕ್ಕಿಗಳನ್ನೇ ಬಲೆಯಿಂದ ಹಿಡಿದು ಬೇರೆ ಕಾಡುಗಳಿಗೆ ಒಯ್ದು ಬಿಟ್ಟರು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿನಂತೆ ಬೇಟೆಯ ಕೋವಿ ಮತ್ತು ಮದ್ದುಗುಂಡಿನ ಮೇಲೆ ವಿಧಿಸುವ ಶೇಕಡಾ 11ರ ತೆರಿಗೆ ವನ್ಯಜೀವಿಗಳ ರಕ್ಷಣೆಗೇ ಸಲ್ಲುತ್ತದೆ. 1960ರಲ್ಲಿ ಮಿಸೌರಿ ಮತ್ತೆ ಬೇಟೆಗೆ ಅನುಮತಿ ನೀಡಿದ್ದು ಕೇವಲ ಮೂರು ದಿನಗಳ ಮಟ್ಟಿಗೆ. ಕೈ ತಡೆದು ಹಿಡಿದದ್ದರಿಂದ ಹಕ್ಕಿ ಮರಳಿ ಬಂತು.

ಈಗ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಆರಂಭವಾಗುವ ವಸಂತದ ಬೇಟೆ ಮೂರು ವಾರ ನಡೆಯುತ್ತದೆ. ಗಂಡು ಹಕ್ಕಿ, ಅಥವಾ ಎದೆಯಲ್ಲಿ ‘ಗಡ್ಡ’ದಂತೆ ಕೂದಲಿನ ಕುಚ್ಚು ತೂಗುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಇಡೀ ಋತುವಿಗೆ ಒಬ್ಬನಿಗೆ ಎರಡೇ. ಕಾಳು ಚೆಲ್ಲಿ ಆಮಿಷ ಒಡ್ಡುವಂತಿಲ್ಲ. ಯಂತ್ರದ ಧ್ವನಿಯಿಂದ ಕರೆಯುವಂತಿಲ್ಲ. ಒಂದು ಗಂಡು ಅನೇಕ ಹೇಂಟೆಗಳೊಡನೆ ಕೂಡುವ ಜಾತಿಯಾದ್ದರಿಂದ, ಮೊಟ್ಟೆಯಿಟ್ಟು ಕಾವಿಗೆ ಕೂರುವ ಹೇಂಟೆಯನ್ನು ಮುಟ್ಟದಿದ್ದರೆ ಸಂತತಿಗೆ ಧಕ್ಕೆ ಕಡಿಮೆ ಎಂಬುದು ಇದರ ಹಿಂದಿನ ಲೆಕ್ಕ. 1967ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದ ಯಾರೇ ಆಗಲಿ, ಸ್ವತಂತ್ರವಾಗಿ ಬೇಟೆಯ ಪರವಾನಗಿ ಪಡೆಯಬೇಕಾದರೆ ಮೊದಲು ಬೇಟೆ ಶಿಕ್ಷಣದ ಪಾಠ ಮುಗಿಸಿರಬೇಕು. ಮೊದಲು ಕಲಿಕೆ, ಆಮೇಲೆ ಕೋವಿ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ವಿನಂತಿಸುತ್ತೇನೆ.

ಭಾನುವಾರ ರಾತ್ರಿ ಊಟವಾದ ಮೇಲೆ ಗೆಳೆಯ ಕತ್ತಿಯನ್ನು ಮಸೆಯುತ್ತ ಕುಳಿತಿದ್ದ. ಹಿಂದಿನ ಎರಡು ವರ್ಷ ಅವನು ಬರಿಗೈಯಲ್ಲಿ ಮರಳಿದ್ದ. ‘ಉಸ್ತಾದ್, ಒಂದು ಮಾತು. ಬಿಸ್ಮಿಲ್ಲಾಹ್ ಹೇಳಿ ಗುಂಡು ಹೊಡೀತೇನೆ. ಓಡಿಹೋಗಿ ದಿಬ್ಹ್ ಮಾಡ್ತೇನೆ. ಆದರೆ ನಾನು ತಲುಪುವ ಮೊದಲೇ ಅದರ ಜೀವ ಹೋದರೆ?’ ಎಂದು ಕೇಳಿದ.

ಉತ್ತರ ನನಗೆ ಗೊತ್ತಿತ್ತು. ನಮ್ಮ ಉಸ್ತಾದರು ಈ ಪಾಠವನ್ನು ಎರಡು ದಿನ ವಿವರಿಸಿದ್ದರು. ಆದರೆ ಗೆಳೆಯನ ಮುಖದಲ್ಲಿ ಮಗುವಿನ ಹುರುಪಿತ್ತು. ಅವನ ಹೆಂಡತಿ ಮಾಂಸಕ್ಕಾಗಿ ಮಸಾಲೆ ಅರೆದಿಟ್ಟಿದ್ದಳು. ಇಪ್ಪತ್ತು ವರ್ಷಗಳ ಬಳಿಕ ಒಟ್ಟಿಗೆ ಕಳೆಯುತ್ತಿದ್ದ ರಾತ್ರಿಯದು. ‘ಕತ್ತಿ ಹರಿತವಾಗಿರಲಿ. ಉಳಿದದ್ದು ನಾಳೆ ನೋಡೋಣ’ ಎಂದುಬಿಟ್ಟೆ.

ಮರುದಿನ ನಸುಕಿಗೂ ಮೊದಲೇ ಹೊರಟೆವು. ಜಮೀನು ಒಬ್ಬ ವೃದ್ಧ ರೈತನದು. ತನ್ನ ಹೊಲದಂಚಿನ ಕಾಡಿನಲ್ಲಿ ಬೇಟೆಯಾಡಲು ಅವನು ಅನುಮತಿ ನೀಡಿದ್ದ. ಕಾರಿನಿಂದ ಇಳಿಯುವಾಗ ಗೆಳೆಯ ನನ್ನ ಬಿಳಿ ಟೊಪ್ಪಿಯನ್ನು ತೆಗೆದು ಒಳಗಿಡಲು ಹೇಳಿ, ತನ್ನದೊಂದು ಎಲೆಬಣ್ಣದ ಟೊಪ್ಪಿ ಕೊಟ್ಟ. ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ ಬಣ್ಣಗಳಿಂದ ಕೂಡಿರುವುದರಿಂದ ಆ ಬಣ್ಣ ತೊಟ್ಟವನನ್ನು ದೂರದ ಮತ್ತೊಬ್ಬ ಬೇಟೆಗಾರ ಹಕ್ಕಿಯೆಂದು ತಪ್ಪು ತಿಳಿಯಬಹುದಂತೆ. ‘ಗಡ್ಡ ಬೇರೆ ಇದೆ ನಿನಗೆ’ ಎಂದು ನಕ್ಕ. ಹೊಲದ ಬದುವಿನಲ್ಲಿ ಫಜ್ರ್ ನಮಾಝ್ ನಿರ್ವಹಿಸಿದೆವು. ಅಲ್ಲಿ ಕಿಬ್ಲಾ ಈಶಾನ್ಯಕ್ಕೆ. ಹುಲ್ಲಿನ ಮಂಜು ಹಣೆಗೆ ತಾಗಿತು.

ಭುಜಕ್ಕಿಂತ ಅಗಲವಾದ ಓಕ್ ಮರವೊಂದಕ್ಕೆ ಬೆನ್ನುಕೊಟ್ಟು ಕುಳಿತೆವು. ಹಿಂದಿನಿಂದ ಯಾರಾದರೂ ಗುಂಡು ಹಾರಿಸಿದರೆ ಮರವೇ ರಕ್ಷೆ. ಬೆಳಕು ಹರಿಯುವ ಮುನ್ನ ಗೂಬೆಯೊಂದು ಕೂಗಿತು. ಅದಕ್ಕೆ ಉತ್ತರವೆಂಬಂತೆ ಕಣಿವೆಯ ಆಚೆಯ ಮರದಿಂದ ಗಂಡು ಟರ್ಕಿ ಗಳಗಳನೆ ಕೂಗಿತು. ಆ ಧ್ವನಿ ಎದೆಯೊಳಗೆ ಕಂಪಿಸಿದಂತಾಯಿತು. ಗೆಳೆಯ ಅಂಗೈಯಗಲದ ಸ್ಲೇಟಿನ ಮೇಲೆ ಕಡ್ಡಿಯಿಂದ ಗೀರಿ ಹೇಂಟೆಯ ದನಿ ಹೊರಡಿಸಿದ. ಎರಡೇ ಸಲ. ಬಳಿಕ ಮೌನ. ಈ ಹಕ್ಕಿಗೆ ಮೂಗು ಮಂದ, ಆದರೆ ಕಣ್ಣು ಅತಿ ಚುರುಕು. ರೆಪ್ಪೆ ಹೊಡೆದರೂ ಕಂಡೀತೆಂಬ ಭಯದಲ್ಲಿ ನಾನು ಕಲ್ಲಿನಂತೆ ಕುಳಿತೆ.

ಮೊದಲು ಬಂದದ್ದು ಒಂದು ವರ್ಷದ ಎಳೆಯ ಗಂಡು. ಕಾನೂನಿನಂತೆ ಅದನ್ನು ಹೊಡೆಯಬಹುದಿತ್ತು. ಗೆಳೆಯ ಬೆರಳು ಅಲುಗಿಸಲಿಲ್ಲ. ಅದು ಮುಂದೆ ಹೋಯಿತು. ಒಂದು ತಾಸಿನ ಮೇಲೆ ದೊಡ್ಡ ಹುಂಜ ಬಯಲಿಗೆ ಬಂದು ಬಾಲವನ್ನು ಬೀಸಣಿಗೆಯಂತೆ ಹರಡಿ ನಿಂತಿತು. ಅದರ ಗರಿಗಳ ಮೇಲೆ ತಾಮ್ರದ, ಹಸಿರಿನ ಹೊಳಪು. ಅಲ್ಲಾಹನ ಸೃಷ್ಟಿಯ ಸೊಬಗಿಗೆ ಸುಬ್‌ಹಾನಲ್ಲಾಹ್ ಎಂದಿತು ಮನಸ್ಸು. ಅದರ ಬೆನ್ನ ಹಿಂದೆಯೇ ಒಂದು ಹೇಂಟೆ ಇತ್ತು. ಛರೆ ಹರಡಿ ಹೇಂಟೆಗೂ ತಾಗಬಹುದೆಂದು ಗೆಳೆಯ ಕಾದ. ಹೇಂಟೆ ಸರಿದ ಮೇಲೆ, ಮೂವತ್ತು ಹೆಜ್ಜೆಯ ದೂರದಲ್ಲಿ, ಅವನು ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಮರುಕ್ಷಣ ಕೋವಿಯ ಸದ್ದು.

ಅವನು ಕತ್ತಿ ಹಿಡಿದು ಧಾವಿಸಿದ. ನಾನೂ ಹಿಂದೆ ಓಡಿದೆ. ರೆಕ್ಕೆಗಳು ಬಡಿದು ನಿಂತವು. ನಾವು ತಲುಪುವಾಗ ಹಕ್ಕಿ ಅಲುಗುತ್ತಿರಲಿಲ್ಲ. ಕಣ್ಣು ಮುಚ್ಚಿತ್ತು, ಕುತ್ತಿಗೆ ಸೋತಿತ್ತು. ಉಸಿರಿಲ್ಲ. ನೋವಿನಿಂದ ನರಳಬಾರದೆಂದು ತಲೆಗೂ ಕುತ್ತಿಗೆಗೂ ಗುರಿಯಿಡುವುದು ಅಲ್ಲಿನ ಒಳ್ಳೆಯ ಬೇಟೆಗಾರರ ರೂಢಿ. ಆ ದಯೆಯೇ ಕತ್ತಿಗೆ ಸಮಯ ಉಳಿಸಲಿಲ್ಲ.

ಗೆಳೆಯ ಮಂಡಿಯೂರಿ ಕುಳಿತ. ಬಹಳ ಹೊತ್ತಿನ ಮೇಲೆ ‘ಈಗ ಹೇಳು ಉಸ್ತಾದ್’ ಎಂದ.

ಹೇಳಿದೆ. ಸಹಾಬಿ ಅದೀ ಬಿನ್ ಹಾತಿಮ್(ರ) ಬೇಟೆಯ ಕುರಿತು ಪ್ರವಾದಿವರ್ಯರಲ್ಲಿ(ಸ) ಕೇಳಿದ ಪ್ರಶ್ನೆಗಳು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇವೆ. ಎಸೆದ ಆಯುಧದ ಹರಿತವಾದ ಅಂಚು ತಾಗಿ ಸತ್ತ ಬೇಟೆಯನ್ನು ತಿನ್ನಬಹುದು, ಅದರ ಅಗಲ ಭಾಗದ ಪೆಟ್ಟಿನಿಂದ ಸತ್ತರೆ ಬಡಿದು ಕೊಂದ ಪ್ರಾಣಿಯಂತೆ ಅದು ನಿಷಿದ್ಧ ಎಂಬುದು ಅಲ್ಲಿನ ಉತ್ತರದ ಸಾರ. ಕೋವಿಯ ಗುಂಡು ಸೀಳುತ್ತದೆಯೇ, ಜಜ್ಜುತ್ತದೆಯೇ? ಇಲ್ಲಿ ವಿದ್ವಾಂಸರು ಭಿನ್ನರಾಗಿದ್ದಾರೆ. ಅದು ಒಳಹೊಕ್ಕು ರಕ್ತ ಹರಿಸುವುದರಿಂದ, ಅಲ್ಲಾಹನ ನಾಮ ಉಚ್ಚರಿಸಿ ಹೊಡೆದಿದ್ದರೆ ಧರ್ಮಸಮ್ಮತವೆಂದು ಇಮಾಮ್ ಶೌಕಾನಿಯವರೂ ಈ ಕಾಲದ ಅನೇಕರೂ ಹೇಳುತ್ತಾರೆ. ಗುಂಡಿಗೆ ಹರಿತವಾದ ಅಂಚಿಲ್ಲ, ವೇಗದ ಪೆಟ್ಟೇ ಕೊಲ್ಲುತ್ತದೆ, ಆದ್ದರಿಂದ ಜೀವವಿರುವಾಗಲೇ ದಿಬ್ಹ್ ಮಾಡಿದರೆ ಮಾತ್ರ ಹಲಾಲ್ ಎಂದು ನನಗೆ ಕಲಿಸಿದ ಹಿರಿಯರು ಹೇಳಿದ್ದರು. ನಾನು ಅನುಸರಿಸುವುದು ಎರಡನೆಯದನ್ನು. ಅವನೂ ಅದೇ ಚಾಪೆಯ ಮೇಲೆ ಕಲಿತವನು.

‘ನಿನ್ನೆ ಹೇಳಬಹುದಿತ್ತಲ್ಲ?’

‘ಹೇಳಬಹುದಿತ್ತು.’

‘ಹೇಳಿದ್ದರೆ ನಾನು ಕೋವಿ ಎತ್ತುತ್ತಿರಲಿಲ್ಲ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಗುಬ್ಬಚ್ಚಿಯನ್ನಾಗಲಿ ಅದಕ್ಕಿಂತ ದೊಡ್ಡ ಹಕ್ಕಿಯನ್ನಾಗಲಿ ಅದರ ಹಕ್ಕು ಸಲ್ಲಿಸದೆ ಕೊಂದವನನ್ನು ಅಲ್ಲಾಹನು ವಿಚಾರಿಸುವನು, ಅದನ್ನು ದಿಬ್ಹ್ ಮಾಡಿ ತಿನ್ನುವುದೇ ಅದರ ಹಕ್ಕು ಎಂಬ ಆಶಯದ ಹದೀಸನ್ನು ಇಮಾಮ್ ನಸಾಈ ಉದ್ಧರಿಸಿದ್ದಾರೆ. ಮಕ್ಕಳಿಗೆ ಎಷ್ಟೋ ಸಲ ಕಲಿಸಿದ ಆ ಪಾಠ ಅಂದು ಆ ಬಯಲಿನಲ್ಲಿ ನನ್ನನ್ನೇ ಕೇಳಿತು: ಈ ಹಕ್ಕಿಯ ಹಕ್ಕು ಯಾರ ಕೊರಳಿಗೆ?

ಗೆಳೆಯ ಎದ್ದು, ಪರವಾನಗಿ ಚೀಟಿಯಲ್ಲಿ ತಿಂಗಳು ಮತ್ತು ದಿನವನ್ನು ಕತ್ತರಿಸಿ ಗುರುತು ಮಾಡಿದ. ಹೊಡೆದ ಹಕ್ಕಿಯನ್ನು ಅಂದೇ ರಾತ್ರಿ ಹತ್ತು ಗಂಟೆಯೊಳಗೆ ಇಲಾಖೆಗೆ ವರದಿ ಮಾಡಬೇಕು. ಅದನ್ನೂ ನಿಂತ ನೆಲದಿಂದಲೇ ಮೊಬೈಲಿನಲ್ಲಿ ಮಾಡಿದ. ಸುತ್ತ ಎರಡು ಮೈಲಿ ಯಾರೂ ಇರಲಿಲ್ಲ. ಬಚ್ಚಿಟ್ಟರೆ ಕೇಳುವವರಿರಲಿಲ್ಲ. ನನಗೆ ಆಗ ಸೂರಃ ಅಲ್ ಮಾಇದಃದ 94ನೆಯ ವಚನ ನೆನಪಾಯಿತು. ಇಹ್ರಾಮ್‌ನಲ್ಲಿದ್ದ ವಿಶ್ವಾಸಿಗಳ ಕೈಗೂ ಈಟಿಗೂ ನಿಲುಕುವಷ್ಟು ಸಮೀಪಕ್ಕೆ ಬೇಟೆಯನ್ನು ತಂದು, ಕಾಣದೆಯೂ ತನ್ನನ್ನು ಭಯಪಡುವವರು ಯಾರೆಂದು ಅಲ್ಲಾಹನು ಪರೀಕ್ಷಿಸುವ ವಿಷಯ ಅಲ್ಲಿದೆ. ಕಾಡಿನಲ್ಲಿ ಒಬ್ಬಂಟಿಯಾಗಿ ಕೈಯಲ್ಲಿ ಆಯುಧ ಹಿಡಿದವನಿಗಿಂತ ಮಿಗಿಲಾದ ತಕ್ವಾದ ಉದಾಹರಣೆ ಬೇರೇನು ಬೇಕು?

ಹಕ್ಕಿಯನ್ನು ಜಮೀನಿನ ಯಜಮಾನನಿಗೆ ಒಪ್ಪಿಸಿದೆವು. ಅವನ ಕುಟುಂಬ ಅದನ್ನು ತಿನ್ನುವುದು ಖಚಿತವಿತ್ತು. ಮಾಂಸ ಮಣ್ಣುಪಾಲಾಗಲಿಲ್ಲ. ‘ನೀವೇಕೆ ಒಯ್ಯುವುದಿಲ್ಲ?’ ಎಂದು ಅವನು ಕೇಳಿದ. ಗೆಳೆಯ ನಾಲ್ಕು ಮಾತಿನಲ್ಲಿ ವಿವರಿಸಿದ. ವೃದ್ಧ ಸ್ವಲ್ಪ ಯೋಚಿಸಿ, ನಿಯಮವಿಲ್ಲದವನನ್ನು ತಾನು ತನ್ನ ಕಾಡಿಗೆ ಬಿಡುವುದಿಲ್ಲವೆಂದೂ ನಾವು ಬರುವ ವರ್ಷವೂ ಬರಬಹುದೆಂದೂ ಹೇಳಿದ. ಮನೆಯಲ್ಲಿ ಅರೆದಿಟ್ಟ ಮಸಾಲೆಗೆ ಹಲಾಲ್ ಅಂಗಡಿಯ ಕೋಳಿ ಬಂತು. ಊಟ ಮೌನವಾಗಿಯೇ ನಡೆಯಿತು.

ಈ ಘಟನೆಯಿಂದ ನಾನು ಹೇಳಬಯಸುವ ಮೊದಲ ಮಾತು ನನ್ನಂತಹ ಶಿಕ್ಷಕರಿಗೆ. ನಮ್ಮ ಮಕ್ಕಳು, ಗೆಳೆಯರು ದೂರದೇಶಗಳಲ್ಲಿ ನಾವು ಕಾಣದ ಸನ್ನಿವೇಶಗಳಲ್ಲಿ ಬದುಕುತ್ತಿದ್ದಾರೆ. ಅವರು ಫೋನಿನಲ್ಲಿ ಕೇಳುವ ಪ್ರಶ್ನೆಗಳು ವಿಚಿತ್ರವೆನಿಸಬಹುದು. ಆದರೆ ಪ್ರಶ್ನೆ ಕೇಳುವುದೇ ಅವರ ಈಮಾನಿನ ಗುರುತು. ಉತ್ತರ ಕಹಿಯಾಗಿದ್ದರೂ ಸಮಯಕ್ಕೆ ಹೇಳಬೇಕು. ಭಿನ್ನಾಭಿಪ್ರಾಯವಿದ್ದರೆ ಎರಡು ಪಕ್ಷಗಳನ್ನೂ ಪ್ರಾಮಾಣಿಕವಾಗಿ ಮುಂದಿಡಬೇಕು. ತಿಳಿಯದಿದ್ದರೆ ತಿಳಿಯದೆನ್ನಬೇಕು. ಕ್ರಿಯೆ ಮುಗಿದ ಮೇಲೆ ದೊರೆಯುವ ಉತ್ತರ ಪಶ್ಚಾತ್ತಾಪಕ್ಕೆ ನೆರವಾದೀತು, ಹೋದ ಜೀವವನ್ನು ಮರಳಿಸದು. ಒಂದು ಸರಕಾರ ಹಕ್ಕಿಯ ವಿಷಯದಲ್ಲಿ ಮೊದಲು ಪಾಠ, ಆಮೇಲೆ ಕೋವಿ ಎನ್ನುವಾಗ, ಹಲಾಲ್ ಹರಾಮ್‌ಗಳ ವಾರಸುದಾರರಾದ ನಾವು ಮೊದಲು ಕೋವಿ, ಆಮೇಲೆ ಪಾಠ ಎಂದಂತಾಯಿತಲ್ಲ ಎಂಬುದೇ ನನ್ನ ಕೊರಗು.

ಎರಡನೆಯ ಮಾತು ಕುಟುಂಬಗಳಿಗೆ. ‘ಅಂಗಡಿಯಲ್ಲಿ ಕೋಳಿ ಸಿಗುವಾಗ ಕಾಡಿನ ಹಕ್ಕಿಯನ್ನೇಕೆ ಕೊಲ್ಲಬೇಕು?’ ಎಂದು ತಂಗಿ ನನ್ನನ್ನು ಕೇಳಿದಳು. ನ್ಯಾಯವಾದ ಪ್ರಶ್ನೆ. ಬೇಟೆಗೆ ಇಸ್ಲಾಮಿನಲ್ಲಿ ಅನುಮತಿಯಿದೆ, ಆದರೆ ಮೋಜಿಗಾಗಿ ಜೀವ ತೆಗೆಯಲು ಇಲ್ಲ. ಪ್ರಾಣವಿರುವ ಜೀವಿಯನ್ನು ಗುರಿಯ ಹಲಗೆಯಾಗಿಸುವುದನ್ನು ಪ್ರವಾದಿವರ್ಯರು(ಸ) ಖಂಡಿಸಿದ್ದಾರೆ. ಬೇಟೆಯ ಬೆನ್ನು ಹತ್ತಿದವನು ಮೈಮರೆಯುತ್ತಾನೆ ಎಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಸತ್ತ ಹಕ್ಕಿಯನ್ನು ಎತ್ತಿ ಹಿಡಿದು ನಗುತ್ತ ಚಿತ್ರ ತೆಗೆಸಿ ಹಂಚುವ ರೂಢಿ ನನಗೆ ಒಪ್ಪಿಗೆಯಿಲ್ಲ. ಇದನ್ನು ಗೆಳೆಯನಿಗೂ ಹೇಳಿದ್ದೇನೆ. ಆದರೆ ತಂಗಿಗೆ ನಾನು ಮರುಪ್ರಶ್ನೆಯನ್ನೂ ಕೇಳಿದೆ. ವಾರಕ್ಕೆ ಮೂರು ದಿನ ನಾವು ತಿನ್ನುವ ಕೋಳಿಯ ಸಾವನ್ನು ಎಂದಾದರೂ ನೋಡಿದ್ದೇವೆಯೇ? ಅದರ ಕತ್ತಿ ಹರಿತವಿತ್ತೇ? ಇನ್ನೊಂದು ಕೋಳಿಯ ಕಣ್ಣೆದುರೇ ಕೊಯ್ದರೇ? ದಿಬ್ಹ್‌ನಲ್ಲೂ ಒಳಿತನ್ನು ಪಾಲಿಸಬೇಕು, ಕತ್ತಿಯನ್ನು ಮಸೆದು ಪ್ರಾಣಿಗೆ ನೋವು ತಗ್ಗಿಸಬೇಕು ಎಂಬುದು ಸಹೀಹ್ ಮುಸ್ಲಿಮ್‌ನಲ್ಲಿರುವ ಆದೇಶ. ಅಂಗಡಿಯವನ ಗೋಡೆಯ ಮೇಲಿನ ಹಲಾಲ್ ಫಲಕ ನೋಡಿ ನಾವು ಅಷ್ಟಕ್ಕೇ ನಿಂತುಬಿಡುತ್ತೇವೆ. ಮದುವೆಯ ಔತಣದಲ್ಲಿ ಅರ್ಧ ತಿಂದು ಬಿಟ್ಟ ಬಿರಿಯಾನಿಯ ತಟ್ಟೆಗಳು ತೊಟ್ಟಿಗೆ ಸೇರುವಾಗ, ಅವುಗಳಲ್ಲಿಯೂ ಹಕ್ಕು ಸಲ್ಲದ ಜೀವಗಳಿವೆ. ನನ್ನ ಗೆಳೆಯ ಒಂದು ಹಕ್ಕಿಗಾಗಿ ರಾತ್ರಿಯಿಡೀ ನಿದ್ದೆಗೆಟ್ಟ. ನಾವು ನೂರು ಹಕ್ಕಿಗಳಿಗಾಗಿ ಒಂದು ಕ್ಷಣವೂ ಯೋಚಿಸುವುದಿಲ್ಲ.

ಮೂರನೆಯದಾಗಿ, ಊರಿನ ಯುವಕರಿಗೆ ಸ್ಪಷ್ಟವಾಗಿ ಹೇಳಬೇಕು. ಈ ಲೇಖನ ಓದಿ ಯಾರೂ ಘಟ್ಟದ ತಪ್ಪಲಿನ ಕಾಡುಕೋಳಿಯ ಮೇಲೆ ಕಣ್ಣಿಡಬಾರದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಕೋಳಿ, ಜಿಂಕೆ, ಮೊಲಗಳ ಬೇಟೆ ಅಪರಾಧ. ಬಿಸ್ಮಿಲ್ಲಾಹ್ ಹೇಳಿದ ಮಾತ್ರಕ್ಕೆ ಅದು ಒಪ್ಪಿತವಾಗದು. ನಾಡಿನ ಕಾನೂನನ್ನು ಪಾಲಿಸುವುದು ನಾವು ಕೊಟ್ಟ ಮಾತಿನ ಭಾಗ. ಅಲ್ಲಾಹನು ಇಹ್ರಾಮ್‌ನಲ್ಲಿ ಹಾಜಿಯ ಕೈಯಿಂದ ಬೇಟೆಯನ್ನು ತಡೆದದ್ದು, ಅನುಮತಿ ಇರುವ ವಸ್ತುವಿನಿಂದಲೂ ಕೈ ಹಿಂದೆಗೆಯುವ ಅಭ್ಯಾಸ ವಿಶ್ವಾಸಿಗೆ ಇರಬೇಕೆಂದು ಕಲಿಸುವುದಿಲ್ಲವೇ?

ನಾನು ಊರಿಗೆ ಮರಳಿ ವರ್ಷವಾಗುತ್ತ ಬಂತು. ಈ ಏಪ್ರಿಲ್‌ನಲ್ಲಿ ಗೆಳೆಯ ಫೋನ್ ಮಾಡಿದ. ಕೋವಿಯನ್ನು ಬದಿಗಿಟ್ಟು ಬಿಲ್ಲುವಿದ್ಯೆ ಕಲಿಯುತ್ತಿದ್ದಾನಂತೆ. ಅಲ್ಲಿ ಬಿಲ್ಲಿನಿಂದ ಟರ್ಕಿ ಬೇಟೆಗೂ ಅನುಮತಿಯಿದೆ. ಅಲ್ಲಾಹನ ನಾಮದೊಂದಿಗೆ ಬಿಟ್ಟ ಬಾಣದ ಹರಿತವಾದ ಮೊನೆ ಸೀಳಿ ಕೊಂದ ಬೇಟೆಯ ವಿಷಯದಲ್ಲಿ ಗುಂಡಿನ ಕುರಿತಾದ ಆ ಭಿನ್ನಾಭಿಪ್ರಾಯವಿಲ್ಲ. ಆದರೆ ಈ ಸಲ ಕಾಡಿಗೆ ಹೋಗಲಿಲ್ಲವಂತೆ. ‘ಹುಲ್ಲಿನ ಗುರಿಗೆ ಇಪ್ಪತ್ತು ಹೆಜ್ಜೆಯಿಂದ ಹತ್ತು ಬಾಣ ಬಿಟ್ಟರೆ ಎರಡು ತಪ್ಪುತ್ತವೆ ಉಸ್ತಾದ್. ಗಾಯಗೊಂಡ ಹಕ್ಕಿ ಪೊದೆಯಲ್ಲಿ ನರಳಿದರೆ ಅದಕ್ಕೆ ಯಾರು ಉತ್ತರ ಹೇಳುವುದು? ಹತ್ತೂ ತಾಗುವ ತನಕ ಹೋಗುವುದಿಲ್ಲ’ ಎಂದ. ಬಳಿಕ, ‘ಇದರಲ್ಲಿ ಇನ್ನೇನಾದರೂ ನಾನು ಕೇಳದೆ ಬಿಟ್ಟದ್ದು ಉಂಟಾ? ಇವತ್ತೇ ಹೇಳು’ ಎಂದು ಸೇರಿಸಿದ.

ಅಂದು ನಾನು ಗ್ರಂಥ ತೆರೆದು, ಒಂದು ತಾಸು, ಗೊತ್ತಿದ್ದುದನ್ನೆಲ್ಲ ಹೇಳಿದೆ.

ಕೇಳಬೇಕಾದುದನ್ನು ಸಮಯಕ್ಕೆ ಕೇಳುವ ವಿನಯವನ್ನೂ, ಹೇಳಬೇಕಾದುದನ್ನು ಸಮಯಕ್ಕೆ ಹೇಳುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.